ದ್ರೌಪದಮ್ಮನ ಹೊಟ್ಟೆಯಲ್ಲಿ ಜಾರಿದ ಸೂಜಿ

2016ರ ಬೇಸಿಗೆ. ಜಕ್ಕೂರಿನ ಬೈರಣ್ಣನ ನೀರಿನ ಟ್ಯಾಂಕರಿಗೆ ಬಿಡುವಿರಲಿಲ್ಲ. ಆದರೆ ಅವನ ಮನಸ್ಸೆಲ್ಲ ಮನೆಯಲ್ಲೇ ಇತ್ತು. ಹೆಂಡತಿ ದ್ರೌಪದಮ್ಮನಿಗೆ ಗರ್ಭಕೋಶದಲ್ಲಿ ಗಡ್ಡೆ. ರಕ್ತ ಹೋಗಿ ಹೋಗಿ ಮುಖ ಬಿಳಿಚಿಕೊಂಡಿತ್ತು, ಒಂದು ಕೊಡ ನೀರು ಎತ್ತಿದರೆ ಏದುಸಿರು. ಮಾತ್ರೆಯಿಂದ ಗುಣವಾಗಲಿಲ್ಲ. ಗರ್ಭಕೋಶ ತೆಗೆಯಬೇಕು, ಹೊಟ್ಟೆ ಉದ್ದಕ್ಕೆ ಕೊಯ್ಯದೆ ಸಣ್ಣ ತೂತುಗಳಲ್ಲೇ ಕ್ಯಾಮೆರಾ ಬಿಟ್ಟು ಮಾಡಬಹುದು ಎಂದರು ಡಾಕ್ಟರ್ ಸರಳಾ.

ಬೈರಣ್ಣನ ಅಕ್ಕ ಮಾರಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ.

"ಟೀವಿ ನೋಡ್ಕಂಡು ಆಪರೇಸನ್ ಮಾಡ್ತಾರಂತೆ. ಒಟ್ಟೆ ಒಳಗೆ ಏನಾರ ಬಿಟ್ಟೋದ್ರೆ ಯಾರಿಗ್ಲಾ ಗೊತ್ತಾಯ್ತದೆ?"

ಆ ಮಾತು ಬೈರಣ್ಣನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಆರ್.ಟಿ. ನಗರದ ರೆಹಾನಾ, ದ್ರೌಪದಮ್ಮನ ಶಾಲೆಯ ಗೆಳತಿ, ಬೇರೊಂದು ಆಸ್ಪತ್ರೆಯಲ್ಲಿ ನರ್ಸ್. ಅವಳನ್ನು ಕೇಳಿದ.

"ಡಾಕ್ಟ್ರನ್ನೇ ಕೇಳಿ ಅಣ್ಣ. ಸೂಜಿ, ರಕ್ತ ಒರೆಸೋ ಬಟ್ಟೆ ಎಣಿಸ್ತೀರಾ, ಲೆಕ್ಕ ತಪ್ಪಿದ್ರೆ ಏನ್ ಮಾಡ್ತೀರಾ ಅಂತ. ಅದ್ರಲ್ಲಿ ಸಂಕೋಚ ಏನಿದೆ?"

ಅವನು ಕೇಳಿಯೇಬಿಟ್ಟ. ಸರಳಾ ಬೇಸರಿಸಿಕೊಳ್ಳಲಿಲ್ಲ. "ಶುರು ಮಾಡೋ ಮುಂಚೆ ಎಣಿಸ್ತೀವಿ, ಮುಗಿಸೋ ಮುಂಚೆ ಮತ್ತೆ ಎಣಿಸ್ತೀವಿ. ತಾಳೆ ಆಗ್ಲಿಲ್ಲ ಅಂದ್ರೆ ಹುಡುಕ್ತೀವಿ. ನಿಮಗೂ ಹೇಳ್ತೀವಿ" ಎಂದರು.

ಆಪರೇಷನ್ ದಿನ ಬೈರಣ್ಣ, ಮಾರಕ್ಕ, ರೆಹಾನಾ ಹೊರಗೆ ಕಾಯುತ್ತಿದ್ದರು. ಮುಗಿಯುತ್ತದೆ ಎಂದು ಹೇಳಿದ ಹೊತ್ತು ಮೀರಿತು. ಬಾಗಿಲು ತೆರೆದು ಕಿರಿಯ ಡಾಕ್ಟರ್ ನರೇಂದ್ರ ಹೊರಗೆ ಬಂದರು.

"ಗರ್ಭಕೋಶ ತೆಗೆದಾಯ್ತು. ಹೊಲಿಗೆ ಹಾಕಿದ ಸೂಜಿ ಹೊರಗೆ ತೆಗೀವಾಗ ಜಾರಿ ಹೋಗಿದೆ. ಹುಡುಕ್ತಾ ಇದೀವಿ, ಎಕ್ಸ್‌ರೇ ತೆಗೀಬೇಕು. ಸದ್ಯಕ್ಕೆ ಅವ್ರ ಜೀವಕ್ಕೆ ತೊಂದ್ರೆ ಇಲ್ಲ."

ಬೈರಣ್ಣ ಗೋಡೆ ಹಿಡಿದುಕೊಂಡ.

"ನಾ ಏಳ್ಲಿಲ್ವಾ?" ಎಂದಳು ಮಾರಕ್ಕ. ಮರುಗಳಿಗೆಗೇ ಡಾಕ್ಟರ ಕಡೆ ತಿರುಗಿದಳು. "ಉಗುರಷ್ಟು ಸೂಜಿ. ಇದ್ರೆ ಇರ್ಲಿ ಬಿಡಿ ಸಾಮಿ. ಮೊದ್ಲು ಅವಳ್ನ ಈಚೆ ಕರ್ಕಂಡ್ ಬನ್ನಿ."

ಒಂದು ಗಳಿಗೆ ಬೈರಣ್ಣನಿಗೂ ಅದೇ ಸರಿ ಎನ್ನಿಸಿತು. ಪಕ್ಕದಲ್ಲಿದ್ದ ರೆಹಾನಾ ಮಾರಕ್ಕನ ಕೈ ಹಿಡಿದಳು.

"ಚೂಪಾದ ವಸ್ತು ಅಕ್ಕ. ಕರುಳಿಗೋ ಇನ್ನೆಲ್ಲಿಗೋ ಚುಚ್ಚಬಹುದು. ಆಮೇಲೆ ತೆಗೀಬೇಕು ಅಂದ್ರೆ ಇನ್ನೊಂದು ಆಪರೇಷನ್. ಈಗ ಕ್ಯಾಮೆರಾ ಒಳಗೇ ಇದೆ. ಹುಡುಕೋಕೆ ಇದೇ ಹೊತ್ತು."

ಬೈರಣ್ಣ ಗೋಡೆ ಬಿಟ್ಟು ನೆಟ್ಟಗೆ ನಿಂತ. "ಹುಡುಕಿ ಸಾರ್. ಎಷ್ಟೊತ್ತಾದ್ರೂ ಸರಿ. ನಾನಿಲ್ಲೇ ಇರ್ತೀನಿ."

ಒಳಗೆ ನಡೆದದ್ದು ಆಮೇಲೆ ತಿಳಿಯಿತು. ಸೂಜಿ ಕಾಣೆಯಾದೊಡನೆ ಸರಳಾ ಕೆಲಸ ನಿಲ್ಲಿಸಿದ್ದರು. ದ್ರೌಪದಮ್ಮನನ್ನು ಅಲುಗಿಸಲು ಬಿಡದೆ, ಸೂಜಿ ಕೊನೆಯ ಸಲ ಕಂಡ ಜಾಗದಿಂದಲೇ ಕ್ಯಾಮೆರಾದಲ್ಲಿ ಹುಡುಕಿದರು. ಉಳಿದವರು ತೂತುಗಳಿಗೆ ಇಳಿಸಿದ್ದ ನಳಿಗೆ, ಉಪಕರಣ, ಹೊದಿಸಿದ ಬಟ್ಟೆ, ನೆಲ ಎಲ್ಲ ನೋಡಿದರು. ಸಿಗಲಿಲ್ಲ. ಎಕ್ಸ್‌ರೇ ಯಂತ್ರವನ್ನೇ ಒಳಗೆ ತಳ್ಳಿಕೊಂಡು ಬಂದರು. ಚಿತ್ರದಲ್ಲಿ ಹೊಟ್ಟೆಯ ಬಲಗಡೆ, ಹೊಲಿಗೆ ಸೂಜಿಯಂತೆಯೇ ಬಾಗಿದ ಗೆರೆಯೊಂದು ಕಂಡಿತು. ಅಲ್ಲಿ ಕರುಳನ್ನು ಮೆಲ್ಲಗೆ ಸರಿಸಿದಾಗ ಮಡಿಕೆಯಲ್ಲಿ ಸೂಜಿ ಮಿನುಗಿತು. ಚಿಮಟದಲ್ಲಿ ಹಿಡಿದು, ಹೊರಗೆ ಬರುವವರೆಗೂ ಅದರಿಂದ ಕಣ್ಣು ಕೀಳದೆ, ಒಳಗಿಳಿಸಿದ್ದ ತೂತಿನಿಂದಲೇ ಹೊರಗೆಳೆದರು. ಮತ್ತೆ ಎಣಿಸಿದರು. ಲೆಕ್ಕ ಸರಿಹೋಯಿತು.

ಸರಳಾ ತಾವೇ ಬಂದು ಸ್ಟೀಲ್ ಬಟ್ಟಲಿನಲ್ಲಿದ್ದ ಸೂಜಿ ತೋರಿಸಿದರು. "ನಮ್ಮ ಕೈಯಿಂದ ಜಾರಿದ್ದು. ನಿಮಗೆ ಗೊತ್ತಿರ್ಬೇಕು. ನಡೆದದ್ದನ್ನೆಲ್ಲ ಡಿಸ್ಚಾರ್ಜ್ ಚೀಟೀಲೂ ಬರೀತೀವಿ."

ಬೈರಣ್ಣ ಕೈ ಮುಗಿದ.

ಮಾರಕ್ಕ ಬಟ್ಟಲಿನ ಮೇಲೆ ಬಗ್ಗಿ ಸೂಜಿ ನೋಡಿದಳು. "ಮುಚ್ಚಿಡ್ಬೋದಿತ್ತು. ಮುಚ್ಚಿಡ್ಲಿಲ್ಲ" ಎಂದಳು ಮೆಲ್ಲಗೆ.

ಮಳೆಗಾಲದ ಹೊತ್ತಿಗೆ ದ್ರೌಪದಮ್ಮನ ಮುಖಕ್ಕೆ ಕಳೆ ಬಂದಿತ್ತು. ಅವಳನ್ನು ತೋರಿಸಲು ಆಸ್ಪತ್ರೆಗೆ ಹೊರಟಾಗ ಮಾರಕ್ಕನೂ ಟ್ಯಾಂಕರ್ ಹತ್ತಿದಳು. ಹೊಕ್ಕುಳ ಹತ್ತಿರದ ಊತವನ್ನು ವರ್ಷಗಟ್ಟಲೆ ಸೆರಗಿನಲ್ಲಿ ಮರೆಮಾಡಿದ್ದಳಂತೆ. ಡಾಕ್ಟರ ಮುಂದೆ ಕೂತು ಸೆರಗು ಸರಿಸಿ, "ಇದ್ನೂ ನೋಡವ್ವ. ಆದ್ರೆ ಸೂಜಿ ಎಣಿಸ್ಬೇಕು" ಎಂದಳು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಭಯಕ್ಕೆ ಬಿದ್ದು ಆಪರೇಷನ್ ಮುಂದೂಡಬೇಡಿ, ಕೇಳದೆ ಸುಮ್ಮನೆಯೂ ಇರಬೇಡಿ. ಸೂಜಿ ಎಣಿಸುತ್ತೀರಾ ಎಂದು ಕೇಳಿ. ಏನಾದರೂ ಕಾಣೆಯಾದರೆ ಹುಡುಕಲು ಹೊತ್ತು ಕೊಡಿ, ನಡೆದದ್ದನ್ನು ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ನೋವು, ಜ್ವರ ಬಿಡದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮೈ ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.