ನಾವು ನಿಜವಾಗಿ ದಾಟುವ ಜಾಗ

ಗಂಭೀರವಾದ ಸಂಗತಿಯೊಂದನ್ನು ಮೊದಲೇ ತಿಳಿಸಿಬಿಡಬೇಕು: ಟೈಲರಮ್ಮನ ಎಡಗಾಲಿನ ಚಪ್ಪಲಿಯ ಬಾರು ಮತ್ತೆ ಕಿತ್ತುಹೋಗಿತ್ತು. ಎರಡು ಹೆದ್ದಾರಿಗಳು ಕೂಡುವ ಜಂಕ್ಷನ್ನಿನಲ್ಲಿ, ಮುರಿದ ಕಂಬಿಬೇಲಿಯ ಸಂದಿಯಿಂದ ನುಸುಳಿ ಲಾರಿಗಳ ನಡುವೆ ಓಡುವವರ ಚಪ್ಪಲಿ ಬಾಳುವುದು ಅಷ್ಟೇ.

ಹೊಲಿದ ಬಟ್ಟೆಯನ್ನು ಆಚೆ ಬದಿಯ ಅಂಗಡಿಗೆ ಕೊಟ್ಟುಬಂದವಳು ಉಸ್ಸೆಂದು ಮಿಷನ್ನಿನ ಮುಂದೆ ಕುಳಿತಳು. ಗೋಡೆಗೊರಗಿದ್ದ ಅತ್ತೆ ಮಂಡಿ ನೀವಿಕೊಳ್ಳುತ್ತಿದ್ದರು. ವಾರಕ್ಕೆ ಮೂರು ದಿನ ಅವರಿಗೆ ರಸ್ತೆಯಾಚೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮೇಲ್ಸೇತುವೆಗೆ ಎಂಬತ್ತಾರು ಮೆಟ್ಟಿಲು. ಹಾಗಾಗಿ ಅವರಿಗೂ ಅದೇ ಸಂದಿ.

ಪಕ್ಕದ ಮನೆಯ ನರ್ಸು ನಕ್ಷೆಯೊಂದನ್ನು ಹಿಡಿದು ಒಳಬಂದಳು.

"ಜಂಕ್ಷನ್ ಹೊಸದಾಗಿ ಕಟ್ತಾರಂತೆ ಅಕ್ಕಾ. ನೋಡು, ನಮ್ಮ ಸಂದಿಗೆ ಆಳೆತ್ತರದ ಗೋಡೆ. ಸಾಲುಮರಕ್ಕೆಲ್ಲ ಕೊಡಲಿ. ಮಳೆನೀರು ನಮ್ಮ ಬೀದಿಗೆ."

"ಕಟ್ಕೊಳ್ಲಿ ಬಿಡೇ. ನಮ್ಮನ್ನ ಕೇಳಿ ಕಟ್ತಾರಾ?"

"ಕೇಳಿದ್ರಲ್ಲ. ಹೋದ ತಿಂಗಳು ಸರ್ವೆಯವಳು ಬಂದು, ಎಲ್ಲಿ ದಾಟ್ತೀರಿ ಅಂದ್ಲು. ನೀನೇನಂದೆ?"

ಟೈಲರಮ್ಮ ಸೂಜಿಗೆ ದಾರ ಪೋಣಿಸುವ ನೆವದಲ್ಲಿ ತಲೆ ತಗ್ಗಿಸಿದಳು. "ಮೇಲ್ಸೇತುವೆ ಅಂದೆ. ಸಂದಿ ಅಂತ ಹೇಳಿ ದಂಡ ಹಾಕಿಸ್ಕೊಳ್ಲಾ?"

"ಇಡೀ ಬೀದಿ ಹಾಗೇ ಅಂದಿದೆ. ಸರ್ವೆಯವ್ರೂ ಹಾಗೇ ಬರೆದಿದ್ದಾರೆ. ಎಲ್ಲರೂ ಮೇಲ್ಸೇತುವೆ ಹತ್ತುತ್ತಾರೆ, ತೊಂದರೆ ಇಲ್ಲ ಅಂತ."

"ನಾನು ದಿನಾ ಎರಡು ಸಲ ಹತ್ತಿ ಇಳೀತೀನಿ ಅಂದೆ," ಅತ್ತೆ ಹೇಳಿದರು. "ನನ್ನ ಕಾಲು ನೋಡಿದ್ಲು. ಬರ್ಕೊಂಡ್ಲು."

ಮೂವರೂ ನಕ್ಕರು. ಆ ನಗುವಿಗೂ ಬೇಗ ಸುಸ್ತಾಯಿತು.

"ಗೋಡೆ ಬಂದ್ಮೇಲೆ ಇವರನ್ನ ಹೇಗೆ ಕರ್ಕೊಂಡ್ಹೋಗ್ತೀಯ?" ನರ್ಸು ಕೇಳಿದಳು.

ಟೈಲರಮ್ಮ ಕಿತ್ತ ಚಪ್ಪಲಿಯನ್ನು ಕಾಲಿನಿಂದ ಮೂಲೆಗೆ ತಳ್ಳಿದಳು. ನರ್ಸು ನಕ್ಷೆ ಮಡಿಸಿದಳು.

"ಆಕ್ಷೇಪಣೆ ಕೊಡೋಕೆ ಇವತ್ತು ಸಂಜೆ ಐದು ಗಂಟೆಯೇ ಕೊನೆ. ಎಲ್ಲಿ, ಎಷ್ಟೊತ್ತಿಗೆ, ಯಾಕೆ ದಾಟ್ತೀವಿ ಅಂತ ನಿಜ ಬರೆದ್ರೆ ಸಾಕು. ಕಚೇರೀಲಿ ವಿಚಾರಿಸಿದ್ದೀನಿ, ಬರೆದವರಿಗೆ ದಂಡ ಇಲ್ಲ."

"ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋ ಕೆಲಸ. ಇರೋ ನೋವೇ ಸಾಲ್ದಾ?" ಟೈಲರಮ್ಮ ಗೊಣಗಿದಳು.

ಅತ್ತೆ ಕೈ ಚಾಚಿದರು. "ನಮ್ಮ ಸುಳ್ಳನ್ನ ಅಷ್ಟು ಶ್ರದ್ಧೆಯಿಂದ ಬರ್ಕೊಂಡೋರು ನಿಜಾನೂ ಬರ್ಕೋತಾರೇನೋ. ಪೆನ್ನು ಕೊಡು."

ಅತ್ತೆ ಬರೆದ ಮೇಲೆ ಸೊಸೆ ಸುಮ್ಮನಿರುವಂತಿಲ್ಲ. ಬರಿಗಾಲಲ್ಲೇ ನರ್ಸಿನ ಜೊತೆ ಮನೆಮನೆ ಹತ್ತಿಳಿದಳು. ದಂಡದ ಭಯವನ್ನು ಪ್ರತಿ ಬಾಗಿಲಲ್ಲೂ ಹೊಸದಾಗಿ ಬಿಡಿಸಬೇಕಾಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ನಲವತ್ತೊಂದು ಕಾಗದಗಳು ಕಚೇರಿ ತಲುಪಿದವು. ಗುಮಾಸ್ತ ಮೊಹರು ಒತ್ತಿ ಆಕಳಿಸಿದ.

ಓದುವ ಅಕ್ಕ, ಅಣ್ಣಂದಿರೇ, ನಿಮ್ಮ ರಸ್ತೆಯ ನಕ್ಷೆಯೂ ಒಂದು ದಿನ ಗೋಡೆಗೆ ಅಂಟುತ್ತದೆ. ಕೊನೆಯ ದಿನಾಂಕ ನೋಡಿಕೊಳ್ಳಿ. ಎಲ್ಲಿ ನಡೆಯುತ್ತೀರಿ, ಎಲ್ಲಿ ನೆರಳಿಗೆ ನಿಲ್ಲುತ್ತೀರಿ, ನೀರು ಎಲ್ಲಿ ನುಗ್ಗುತ್ತದೆ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡಿ. ಸುಸ್ತಾಗಿದ್ದರೂ ಬರೆಯಿರಿ.

ಆ ನಲವತ್ತೊಂದು ಕಾಗದಗಳನ್ನು ಓದಿ ನಕ್ಷೆ ತಿದ್ದಿದರು. ಜಂಕ್ಷನ್ ಕಟ್ಟಿ ಮುಗಿಸಲು ಎರಡು ವರ್ಷ ಹಿಡಿಯಿತು. ಹದಿನಾಲ್ಕು ಮರಗಳಲ್ಲಿ ಒಂಬತ್ತು ಉಳಿದವು, ಮಳೆನೀರಿಗೆ ಬೇರೆ ಕಾಲುವೆಯಾಯಿತು. ಗೋಡೆ ಬರಬೇಕಿದ್ದಲ್ಲಿ ಪಾದಚಾರಿ ಸಿಗ್ನಲ್ ಬಂತು. ಅತ್ತೆ ವಾರಕ್ಕೆ ಮೂರು ದಿನ ನೆಲದ ಮೇಲೆ ನಡೆದು ದಾಟುತ್ತಾರೆ.