ಬಿತ್ತರ ಎಲ್ಲಿಂದ ಬಂತು

ಸುದ್ದಿ ವಾಹಿನಿಯ ಯಜಮಾನರಿಗೆ ಇದ್ದಕ್ಕಿದ್ದಂತೆ ಭಾಷೆಯ ಮೇಲೆ ಪ್ರೀತಿ ಉಕ್ಕಿತು. ಇನ್ನು ಮೇಲೆ ಯಾರೂ 'ಪ್ರಸಾರ' ಅನ್ನಕೂಡದು, 'ಬಿತ್ತರ' ಅನ್ನಬೇಕು ಎಂದು ಅಪ್ಪಣೆಯಾಯಿತು. 'ಬಿತ್ತು' ಎಂಬುದರಿಂದ ಬಿತ್ತರ ಹುಟ್ಟಿತಂತೆ. ರೈತ ಬೀಜ ಬಿತ್ತಿದ ಹಾಗೆ ಇವರು ಸುದ್ದಿ ಬಿತ್ತುತ್ತಾರಂತೆ. ಹೋದ ವಾರ ತಾನೇ, ಗುಂಡುಕಲ್ಲಿನ ಹಾಗಿದ್ದ ನಟನೊಬ್ಬ ಸತ್ತನೆಂದು ಬಿತ್ತಿದ್ದರು. ಪಾಪ, ಫಸಲೇನೋ ಚೆನ್ನಾಗಿಯೇ ಬಂದಿತ್ತು.

ವಾರ್ತೆ ಓದುವ ಹುಡುಗಿ ಊಟಕ್ಕೆ ಕೂತಾಗ ಇದನ್ನು ಅಪ್ಪನಿಗೆ ಹೇಳಿದಳು. ಅಪ್ಪ ನಿವೃತ್ತ ವ್ಯಾಕರಣದ ಮೇಷ್ಟ್ರು. ತುತ್ತು ಕೈಯಲ್ಲೇ ನಿಂತಿತು.

"ಬಿತ್ತೋದಕ್ಕೂ ಅದಕ್ಕೂ ಎಲ್ಲಿಯ ಸಂಬಂಧನಮ್ಮ? ಸಂಸ್ಕೃತದ 'ವಿಸ್ತರ' ನಮ್ಮ ಬಾಯಲ್ಲಿ ತಿರುಗಿ 'ಬಿತ್ತರ' ಆಯ್ತು. ಹರಡೋದು ಅಂತ ಅರ್ಥ, ಅಷ್ಟೇ."

"ಅದನ್ನ ಟಿ.ವಿ.ಯಲ್ಲಿ ಹೇಳೋ ಹಾಗಿಲ್ಲ ಅಪ್ಪ. ಶುಕ್ರವಾರ ನಿಮ್ಮನ್ನ ಕರೆಸ್ತಾರೆ. 'ಬಿತ್ತು'ವಿನಿಂದಲೇ ಬಂತು ಅನ್ನಬೇಕಂತೆ. ನನ್ನ ಕೆಲಸ ಕಾಯಂ ಆಗೋದು ಅದರ ಮೇಲೇ ನಿಂತಿದೆ."

ಅಪ್ಪ ತುತ್ತನ್ನು ತಟ್ಟೆಗೇ ಹಾಕಿ ಕೈತೊಳೆಯಲು ಎದ್ದರು. ಮಹಾಪ್ರಾಣ ಬಿಟ್ಟಳೆಂದು ಹೆತ್ತ ಮಗಳನ್ನೇ ಫೇಲು ಮಾಡಿ, ಹೆಂಡತಿ ಕೈಲಿ ಬೈಸಿಕೊಂಡ ಮಹಾನುಭಾವರು ಇವರು. ಹುಡುಗಿಗೆ ರಾತ್ರಿಯಿಡೀ ಕಣ್ಣು ಮುಚ್ಚಲಾಗಲಿಲ್ಲ.

ಶುಕ್ರವಾರ ಮೇಷ್ಟ್ರ ಮುಖಕ್ಕೆ ಪೌಡರು ಮೆತ್ತಿ, ಅಂಗಿಗೆ ಮೈಕು ಸಿಕ್ಕಿಸಿ, ದೀಪಗಳ ಕೆಳಗೆ ಕೂರಿಸಿದರು. ಪ್ರಶ್ನೆ ಕೇಳಬೇಕಾದವಳು ಮಗಳೇ. ಗಾಜಿನಾಚೆ ಯಜಮಾನರು ಹಲ್ಲು ಕಿರಿಯುತ್ತ ನಿಂತಿದ್ದರು. ಅಪ್ಪ ನಿಜ ಹೇಳಿಬಿಟ್ಟರೆ ತನ್ನ ಕಥೆ ಮುಗಿಯಿತೆಂದುಕೊಂಡೇ ಅವಳು ಪ್ರಶ್ನೆ ಕೇಳಿದಳು.

"ಸಾರ್, ಬಿತ್ತರ ಅನ್ನೋ ಪದ ಎಲ್ಲಿಂದ ಬಂತು?"

ಮೇಷ್ಟ್ರು ಅವಳ ಮುಖವನ್ನೇ ನೋಡಿದರು.

"'ಬಿತ್ತು' ಧಾತುವಿಗೆ 'ಅರ' ಪ್ರತ್ಯಯ ಸೇರಿ ಬಿತ್ತರ. ಅನುಮಾನವೇ ಬೇಡ."

ಸ್ಟುಡಿಯೋ ತುಂಬ ಚಪ್ಪಾಳೆ. ಯಜಮಾನರು ಓಡಿಬಂದು ಮೇಷ್ಟ್ರ ಕೈ ಹಿಡಿದುಕೊಂಡರು. ಇಂಥ ಪಂಡಿತರನ್ನು ಕಂಡೇ ಇಲ್ಲವೆಂದರು. ಆ ಮಾತಂತೂ ನಿಜವೇ, ಪಂಡಿತರನ್ನು ಅವರು ಕಂಡಿದ್ದು ಯಾವಾಗ? ಮಗಳ ಕೆಲಸ ಕಾಯಂ ಎಂದು ಅಲ್ಲೇ ಸಾರಿದರು. ಮೇಷ್ಟ್ರಿಗೆ ವಾರಕ್ಕೊಂದು ಪದದ ಕಾರ್ಯಕ್ರಮವೂ ಸಿಕ್ಕಿತು.

ಮನೆಯ ದಾರಿಯಲ್ಲಿ ಹುಡುಗಿ ಬೈಗುಳಕ್ಕೆ ಕಾದಳು. ಕೊನೆಗೆ ತಾನೇ ಕೇಳಿದಳು.

"ನನಗೋಸ್ಕರ ಸುಳ್ಳು ಹೇಳಿದ್ರಿ. ಬೇಜಾರಾಯ್ತಾ ಅಪ್ಪ?"

"ಬೇಜಾರೇನಮ್ಮ? ಇಷ್ಟು ವರ್ಷ ನಿಜಾನೇ ಪಾಠ ಮಾಡಿದೆ, ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ವಾರ ಯಾವ ಪದ ಅಂತ ಕೇಳಿಕೊಂಡು ಬಾ. ಮೂಲ ನಾನು ಹುಟ್ಟಿಸ್ತೀನಿ."

ಬೈಸಿಕೊಳ್ಳಲು ತಯಾರಾಗಿ ಬಂದವಳಿಗೆ ನಡುರಸ್ತೆಯಲ್ಲಿ ಅಳು ಬಂತು.