ತಗಡಿನ ಮೇಲಿನ ಬರಹ

ನನ್ನ ಅಂಗಡಿಯ ಮೇಲಿನ ಕೋಣೆಗೆ ತಿಂಗಳಿಗೆ ಮೂರೂವರೆ ಲಕ್ಷ ವೊನ್. ಬಾಡಿಗೆ ಕಟ್ಟುವವರು ಕಲಾಕೇಂದ್ರದವರು; ಕರೆಂಟು, ಚಳಿಗಾಲದ ಸೀಮೆಎಣ್ಣೆಯ ಖರ್ಚು ಕೋಣೆಯಲ್ಲಿ ಇರುವವರದು. ಒಂದು ಉಕ್ಕಿನ ತಗಡಿಗೆ ಲಕ್ಷದ ಹತ್ತು ಸಾವಿರ, ಮಧ್ಯಾಹ್ನದ ಊಟಕ್ಕೆ ಒಂಬತ್ತು ಸಾವಿರ. ಮುಲ್ಲೆಯಲ್ಲಿ ಕಬ್ಬಿಣದ ಕೆಲಸದ ನಮ್ಮ ಓಣಿಗೆ ಈ ಲೆಕ್ಕ ತಿಳಿದುಕೊಂಡೇ ಬಂದ ಕಲಾವಿದೆ ಸೊಲ್ಮಿ ಒಬ್ಬಳೇ.

ಅವಳಿಗೆ ಆರು ತಿಂಗಳ ಅವಧಿ. ಕೊನೆಗೊಂದು ಪ್ರದರ್ಶನ. ಕಲಾಕೇಂದ್ರದ ಸಮಿತಿಗೆ ಹಿಡಿಸಿದರೆ ಕೋಣೆ ಇನ್ನೊಂದು ವರ್ಷ. ಇಲ್ಲವಾದರೆ ಗಂಟುಮೂಟೆ ಕಟ್ಟಿ ದೇಗುವಿನಲ್ಲಿರುವ ಅಣ್ಣನ ಮನೆಗೆ. ಓಣಿಯ ಜನ ಯಾರು, ಏನು ಎಂದು ತೋರಿಸುವುದು ಅವಳ ಕೆಲಸ. ಎರಡು ತಿಂಗಳು ಫೋನು ಚಾಚಿಕೊಂಡು "ನೀವು ಯಾರು?" ಎಂದು ಕೇಳುತ್ತ ತಿರುಗಿದಳು. ತೂತು ಕೊರೆಯುವ ಪ್ಯೋ, "ಬಾಗಿಲ ಮೇಲೆ ಬೋರ್ಡಿದೆಯಲ್ಲಮ್ಮ, ಓದೋಕೆ ಬರಲ್ವಾ?" ಅಂದ.

ನಾನು ಹೇಳಿದೆ: "ಇಲ್ಲಿ ಪ್ರಶ್ನೆ ಕೇಳ್ಬೇಡ. ಕೆಲಸ ಕೊಡು."

ಅವಳು ಓಣಿಯಲ್ಲಿ ಕೂರಲು ಒಂದು ಉದ್ದನೆಯ ಬೆಂಚಿನ ನಕ್ಷೆ ಬರೆದಳು. ನಾನು ತಗಡು ಕತ್ತರಿಸಿದೆ, ಎದುರಿನ ಬಾಂಗ್ ಬಗ್ಗಿಸಿದ, ಪ್ಯೋ ಕೊರೆದ. ಅಂಗಡಿಯಿಂದ ಅಂಗಡಿಗೆ ಕೈಗಾಡಿ ತಳ್ಳಿದವಳು ಅವಳೇ.

ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಪ್ಯೋ ಬೀದಿಗೆ ಬಂದು ಕೂಗಿದ: "ಅಕ್ಕ, ಬಾಂಗ್‌ಗೆ ತಲೆ ಕೆಟ್ಟಿದೆಯಾ? ಏನೂ ಬರೆದಿಲ್ಲ ಅಂದ್ರೆ ತೂತು ಎಡಗಡೆ ತಾನೆ? ಹದಿನಾರು ತೂತು ಹೊಡೆದಾಯ್ತು, ಈಗ ನೋಡಿದ್ರೆ ಬೆಂಚಿನ ಕಾಲು ಕೂರಲ್ಲ!"

"ಬಲಗಡೆ ಅಂತ ಇಷ್ಟು ದಪ್ಪಕ್ಕೆ ಬರೆದಿದ್ದೆ ಕಣೋ ಕುರುಡ!" ಎಂದು ಬಾಂಗ್ ಒಳಗಿಂದಲೇ ಕಿರುಚಿದ.

ಸೊಲ್ಮಿ ಕೈಗಾಡಿ ಬಿಟ್ಟು ನನ್ನ ಹತ್ತಿರ ಬಂದಳು. "ಆ ಬರಹ ನಾನೇ ಒರೆಸಿದೆ ಚಿಕ್ಕಮ್ಮ. ಕೊಳೆ ಅಂದ್ಕೊಂಡೆ."

ನಮ್ಮಲ್ಲಿ ನಕ್ಷೆ ಮೊದಲ ಅಂಗಡಿಯಲ್ಲೇ ಉಳಿಯುತ್ತದೆ. ಮುಂದಿನವನಿಗೆ ಹೇಳಬೇಕಾದ್ದನ್ನೆಲ್ಲ ಸೀಮೆಸುಣ್ಣದಲ್ಲಿ ಕಬ್ಬಿಣದ ಮೇಲೇ ಬರೆಯುತ್ತೇವೆ. ಅಳತೆ, ಬೈಗುಳ, ಮಧ್ಯಾಹ್ನದ ಊಟ ಯಾರ ಲೆಕ್ಕಕ್ಕೆ, ಎಲ್ಲವನ್ನೂ. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ಅವಳು ಅಳಲಿಲ್ಲ. "ಹೊಸ ತಗಡಿಗೆ ನನ್ನ ಹತ್ರ ದುಡ್ಡಿದೆ. ನಿಮ್ಮ ಹತ್ರ ಪುರುಸೊತ್ತಿದೆಯಾ?"

ಪ್ಯೋ ನನ್ನ ಕಡೆ ತಿರುಗಿದ. "ಈಗ ನೋಡು, ಸರಿಯಾದ ಪ್ರಶ್ನೆ ಕೇಳಿದ್ಳು. ಕತ್ತರಿಸಕ್ಕ."

ತಗಡಿನ ದುಡ್ಡನ್ನು ನಾನು ತೆಗೆದುಕೊಳ್ಳಲಿಲ್ಲ. ಈ ಸಲ ಅವಳು ಒಂದಕ್ಷರವನ್ನೂ ಒರೆಸಲಿಲ್ಲ. 'ಬಲಗಡೆ, ಕುರುಡ' ಎಂದು ಬಾಂಗ್ ಬರೆದ. 'ಕೊರೆದಿದ್ದೇನೆ, ಕಿವುಡ, ಊಟ ನಿನ್ನದು' ಎಂದು ಪ್ಯೋ ಅದರ ಕೆಳಗೇ ಬರೆದ. ಮೂರನೆಯ ದಿನಕ್ಕೆ ಬೆಂಚು ಎದ್ದು ನಿಂತಿತು.

ಅವತ್ತೇ ಸಂಜೆ ಕಲಾಕೇಂದ್ರದ ಮೇಡಂ ಬಂದರು. "ಇದೇನಮ್ಮ ಗೀಚಾಟ? ಒರೆಸಿ ಬಣ್ಣ ಹೊಡಿ. ನಾಳೆ ಸಮಿತಿಯವರು ಬರ್ತಾರೆ. ಕೋಣೆ ಬೇಕೋ ಬೇಡ್ವೋ?"

"ಬೇಕು ಮೇಡಂ. ಆದ್ರೆ ಒರೆಸಲ್ಲ. ಇವರು ಯಾರು ಅಂತ ತೋರಿಸೋಕೆ ನನ್ನ ಹತ್ರ ಇರೋದು ಇದೊಂದೇ." ಅಷ್ಟು ಹೇಳಿ ಬರಹ ಅಳಿಸಿಹೋಗದಂತೆ ಮೇಲೊಂದು ಪಾರದರ್ಶಕ ವಾರ್ನಿಷ್ ಬಳಿದಳು.

ಮರುದಿನ ಸಮಿತಿಯವರು ಬೆಂಚಿನ ಸುತ್ತ ಬಗ್ಗಿ ಬಗ್ಗಿ ಓದಿದರು. ಅವರಲ್ಲಿ ಹಿರಿಯರೊಬ್ಬರು ನಗು ತಡೆಯಲಾರದೆ, "ಕೊನೆಗೆ ಊಟ ಯಾರು ಕೊಡಿಸಿದ್ರು?" ಎಂದು ಕೇಳಿದರು.

"ಇನ್ನೂ ಕೊಡಿಸಿಲ್ಲ ಸಾರ್," ಅಂದ ಪ್ಯೋ.

ಸೊಲ್ಮಿಗೆ ಒಂದು ವರ್ಷಕ್ಕೆ ಕೋಣೆ ಸಿಕ್ಕಿತು. ನನ್ನದೊಂದು ತಗಡು ಹೋಯಿತು. ಓಣಿಗೆ ಕೂರಲು ಒಂದು ಜಾಗ ಆಯಿತು.